ರಸ್ತೆಯ ಅಭ್ಯಾಸ

ಕಳೆದ ವರ್ಷ ಅವರ ನಿವೃತ್ತಿಯ ಬೀಳ್ಕೊಡುಗೆಗೆ ಹೋಗಿದ್ದೆ. ಭಾಷಣ ಮಾಡಿದವರೆಲ್ಲ ಒಬ್ಬರಾದ ಮೇಲೊಬ್ಬರು ಅವರನ್ನು ‘ತಾಳ್ಮೆಯ ಮೂರ್ತಿ’ ಎಂದರು. ಕೊನೆಗೆ ಎದ್ದ ಮುಖ್ಯ ಅತಿಥಿಗಳು ಮಾತ್ರ ಸ್ವಲ್ಪ ಬದಲಾಯಿಸಿ ‘ಸಹನಾಮೂರ್ತಿ’ ಎಂದರು. ನಾನು ಹಾಲ್‌ನ ಪಕ್ಕದ ಸಾಲಿನಲ್ಲಿ ಕೂತಿದ್ದೆ, ಅಲ್ಲಿಂದ ವೇದಿಕೆಯ ಮೇಜಿನ ಕೆಳಗೆ ಚೆನ್ನಾಗಿ ಕಾಣುತ್ತಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿಯ ಹಿಂದೆ ಅವರ ಮುಖ ಗಂಭೀರವಾಗಿಯೇ ಇತ್ತು. ಮೇಜಿನ ಕೆಳಗೆ ಎರಡು ಪಾದಗಳೂ ಚಪ್ಪಲಿ ಕಳಚಿಟ್ಟು ಕುಣಿಯುತ್ತಿದ್ದವು. ಇದು ಯಾವಾಗ ಮುಗಿಯುತ್ತದೆ, ನಾನು ಯಾವಾಗ ಎದ್ದು ಹೋಗಲಿ ಅನ್ನುವ ಕುಣಿತ ಅದು. ತಾಳ್ಮೆ ಅನ್ನುವುದು ಆ ಹೆಂಗಸಿನ ಹತ್ತಿರ ಸುಳಿದದ್ದನ್ನು ನಾನಂತೂ ಕಂಡಿಲ್ಲ.

ಹೆಸರು ಬರೆಯುವುದಿಲ್ಲ. ಬರೆದರೆ ಫೋನು ಮಾಡಿ ಬೈಯುತ್ತಾರೆ, ಅದೂ ಎಲ್ಲೋ ನಡೆಯುತ್ತಾ ಏದುಸಿರಿನಲ್ಲಿ. ಊರಿಗೆಲ್ಲ ಅವರು ‘ಪೀಟಿ ಮೇಡಂ’. ಹೈಸ್ಕೂಲಿನ ದೈಹಿಕ ಶಿಕ್ಷಕಿ. ಇಲ್ಲಿಯೂ ಹಾಗೇ ಇರಲಿ.

ತೊಂಬತ್ತರ ದಶಕದ ನಡುವೆ ನಾನು ಕನ್ನಡ ಟೀಚರಾಗಿ ಪಾಂಡವಪುರ ತಾಲ್ಲೂಕಿನ ಆ ಹೈಸ್ಕೂಲಿಗೆ ಬಂದೆ. ನನ್ನೂರು ಕಿಕ್ಕೇರಿ. ದಿನಾ ಹೋಗಿಬರೋಣವೆಂದರೆ ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸಬೇಕು, ಈ ಬಸ್ಸು ಸಿಕ್ಕರೆ ಆ ಬಸ್ಸು ಹೋಗಿರುತ್ತದೆ. ಹಾಗಾಗಿ ಶಾಲೆ ಇದ್ದ ಕ್ಯಾತನಹಳ್ಳಿಯಲ್ಲೇ ಒಂದು ರೂಮು ಹಿಡಿದೆ. ರೂಮಿನ ಹಿಂಬಾಗಿಲು ತೆಗೆದರೆ ಪೀಟಿ ಮೇಡಂ ಮನೆಯ ಹಿತ್ತಿಲು. ಮನೆಯಲ್ಲಿ ಅವರು, ಕಬ್ಬು ಬೆಳೆಯುವ ಗಂಡ, ಅತ್ತೆ, ಎರಡು ಸೀಮೆಹಸು. ಗಂಡ ಸಾಧು ಪ್ರಾಣಿ. ಅತ್ತೆ ಸಾಧು ಅಲ್ಲ.

ಸ್ಟಾಫ್ ರೂಮಿನಲ್ಲಿ ಪೀಟಿ ಮೇಡಂಗೆ ಒಂದು ಕುರ್ಚಿ ಇತ್ತು, ಅದರ ಮೇಲೆ ವಾಲಿಬಾಲ್ ಕೂರುತ್ತಿತ್ತು. ಅವರು ಕೂತದ್ದನ್ನು ಯಾರೂ ನೋಡಿರಲಿಲ್ಲ. ಹಾಜರಿಗೆ ಸಹಿ ಹಾಕುವುದು ನಿಂತು, ಊಟ ಮಾಡುವುದು ಕಿಟಕಿಯ ಹತ್ತಿರ ನಿಂತು, ಡಬ್ಬಿಯ ಮುಚ್ಚಳದಲ್ಲಿ. ಹೆಡ್ ಮಾಸ್ಟರು ಮೀಟಿಂಗ್ ಕರೆದರೆ ಬಾಗಿಲಿಗೆ ಒರಗಿಕೊಂಡು ಬಾಯಲ್ಲಿ ವಿಷಲ್ಲಿನ ದಾರ ಕಚ್ಚುತ್ತಿದ್ದರು. “ಕೂತ್ಕೊಳ್ಳಿ ಮೇಡಂ” ಅಂದರೆ, “ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದು ಕಣಮ್ಮಿ” ಅನ್ನುತ್ತಿದ್ದರು. ಸೋಮಾರಿಗಳಿಗೆ ಹೇಳುವ ಗಾದೆಯನ್ನು ಅಕ್ಷರಶಃ ಕುರ್ಚಿಯ ಮೇಲೆ ಕೂರುವುದಕ್ಕೆ ಹಚ್ಚಿದವರನ್ನು ನಾನು ಬೇರೆ ಕಂಡಿಲ್ಲ.

ಅವರು ದಿನಾ ಬೆಳಗ್ಗೆ ಓಡುತ್ತಿದ್ದರು. ಮನೆ ಬಾಗಿಲಿಂದ ಡೈರಿ, ಡೈರಿಯಿಂದ ನಾಲೆ ಮೋರಿ, ಅಲ್ಲಿಂದ ಏರಿಯ ಮೇಲೆ ತುಂಬಾ ದೂರ, ಮತ್ತೆ ವಾಪಸ್ಸು. ನೌಕರರ ಕ್ರೀಡಾಕೂಟದಲ್ಲಿ ಪದಕ ಬರುತ್ತಿತ್ತು, ಅದು ಬಂದ ದಿನವೇ ದೇವರ ಮನೆಯ ಮೊಳೆಗೆ ಹೋಗಿ ನೇತಾಡುತ್ತಿತ್ತು. ಅದರ ಬಗ್ಗೆ ಅವರಿಗೆ ಅಂಥ ಉತ್ಸಾಹವೇನೂ ಇರಲಿಲ್ಲ. ಬೆಳಗಿನ ಓಟ ತಪ್ಪಿದರೆ ಮಾತ್ರ ಆ ದಿನ ಮಕ್ಕಳಿಗೂ ನಮಗೂ ಗ್ರಹಚಾರ.

ಇವತ್ತಿನವರಿಗೆ ಇದರಲ್ಲಿ ವಿಶೇಷ ಕಾಣದೆ ಇರಬಹುದು. ಆಗ ನಮ್ಮ ಕಡೆ ಗಂಡಸರು ಓಡಿದರೇ “ಯಾರ್ಲಾ ಅಟ್ಟಿಸ್ಕಂಬತ್ತಾವ್ರೆ?” ಎಂದು ಕೇಳುತ್ತಿದ್ದರು. ಹೆಂಗಸು, ಅದೂ ಊರಿನ ಸೊಸೆ, ದಿನ ಬೆಳಗಾದರೆ ಓಡುವುದೆಂದರೇನು? ನಾನು ಬಂದ ಹೊಸತರಲ್ಲಿ ಇದನ್ನೇ ಕೇಳಿದೆ. ಊರು ಸುಮ್ಮನೆ ಬಿಟ್ಟಿತೇ?

“ಕೈಲಿ ಏನಾದ್ರೂ ಇದ್ರೆ ಯಾರೂ ಕೇಳಲ್ಲ ಕಣಮ್ಮಿ” ಅಂದರು.

ಮದುವೆಯಾಗಿ ನಾಗಮಂಗಲದ ಕಡೆಯಿಂದ ಬಂದಾಗ ಮೊದಲು ಅವರು ಮಾಡಿದ್ದು ಡೈರಿಗೆ ಹಾಲು ಹಾಕುವ ಕೆಲಸವನ್ನು ಅತ್ತೆಯಿಂದ ಕೇಳಿ ತೆಗೆದುಕೊಂಡದ್ದು. ಕ್ಯಾನು ಹಿಡಿದು ಹೋಗುವ ಹೆಂಗಸನ್ನು ಯಾರು ಏನು ಕೇಳುತ್ತಾರೆ? ಆಮೇಲೆ ಬೇಕೆಂದೇ ತಡ ಮಾಡಿ ಹೊರಡತೊಡಗಿದರು. ಡೈರಿ ಮುಚ್ಚಿಬಿಡುತ್ತದಲ್ಲ, ಅದಕ್ಕೇ ಬಿರಬಿರನೆ ಹೋಗುವುದು. ಬಿರಬಿರನೆ ಹೋಗುವುದು ಊರಿಗೆ ರೂಢಿಯಾದ ಮೇಲೆ ಸ್ವಲ್ಪ ಓಟ. ಆಮೇಲೆ ಕ್ಯಾನನ್ನು ಡೈರಿಯಲ್ಲೇ ಬಿಟ್ಟು, ತೊಳೆದಿಡುವಷ್ಟರಲ್ಲಿ ಬಂದೆ ಅಂತ ಮೋರಿಯವರೆಗೆ. ಸೀರೆ ಹೋಗಿ ಚೂಡಿದಾರ ಬಂತು, ಚೂಡಿದಾರದ ಕೆಳಗೆ ಟ್ರ್ಯಾಕ್ ಪ್ಯಾಂಟು ಬಂತು. ಒಂದು ದಿನ ಗಂಡನ ಕೈಗೆ ಕ್ಯಾನು ಕೊಟ್ಟು ಬರಿಗೈಯಲ್ಲಿ ಓಡಿದರು. ಆ ಹೊತ್ತಿಗೆ ಅರಳಿಕಟ್ಟೆಯ ಮೇಲೆ ಕೂರುವ ಅಜ್ಜನೂ, ಆಲೆಮನೆಯ ನಾಯಿಗಳೂ, ಪಾಂಡವಪುರದ ಮೊದಲ ಬಸ್ಸಿನ ಕಂಡಕ್ಟರೂ ತಲೆ ಎತ್ತುವುದನ್ನು ನಿಲ್ಲಿಸಿದ್ದರು. ಇಷ್ಟಕ್ಕೆ ಅವರಿಗೆ ವರ್ಷಗಳೇ ಹಿಡಿದವು. ನನಗೆ ಇದನ್ನು ಹೇಳುವಾಗ ಅವರು ನಮ್ಮ ಹಿತ್ತಿಲ ಕಲ್ಲಿನ ಮೇಲೆ ಒಂದೇ ಕಾಲಲ್ಲಿ ನಿಂತಿದ್ದರು, ಅದೇನೋ ಬ್ಯಾಲೆನ್ಸ್ ಅಂತೆ.

ಅತ್ತೆ ಮಾತ್ರ ಒಪ್ಪಿದ್ದೇನೆಂದು ಯಾವತ್ತೂ ಹೇಳಲಿಲ್ಲ. ಬೇಡವೆನ್ನಲು ಒಂದು ಕಾರಣ ಸಿಗಲೆಂದು ಕಾಯುತ್ತಿದ್ದರು ಅಷ್ಟೇ. ಅದು ಕಬ್ಬಿನ ಕಾಲದಲ್ಲಿ ಸಿಕ್ಕಿತು.

ಕಾರ್ಖಾನೆಗೆ ಹೋಗುವ ಗಾಡಿಗಳ ಭಾರಕ್ಕೆ ಮೋರಿಯ ಚಪ್ಪಡಿಯೊಂದು ಬಿರುಕು ಬಿಟ್ಟಿತ್ತು. ಇಬ್ಬನಿಯಲ್ಲಿ ಅದು ಕಾಣಲಿಲ್ಲ. ಓಡುತ್ತಾ ಬಂದ ಪೀಟಿ ಮೇಡಂ ಬಲಗಾಲು ಸಂದಿಗೆ ಹೋಯಿತು. ಪಾದದ ಮೇಲೆ ಉದ್ದಕ್ಕೆ ಸೀಳಿತು, ಒಳಗೆ ಸಣ್ಣ ಮೂಳೆಯೊಂದು ಬಿರಿಯಿತು. ಗಂಡ ಟ್ರಾಕ್ಟರಿನಲ್ಲಿ ಕೂರಿಸಿಕೊಂಡು ಶ್ರೀರಂಗಪಟ್ಟಣದವರೆಗೆ ಬಂದು, ಅಲ್ಲಿಂದ ಬಸ್ಸು ಹತ್ತಿಸಿ ಮೈಸೂರಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಈಯಮ್ಮ ಟ್ರಾಕ್ಟರು ನಿಧಾನವಾಯಿತೆಂದು ಗಂಡನನ್ನು ಬೈದರಂತೆ.

ಮೈಸೂರಿನ ಡಾಕ್ಟರು ಧಾರವಾಡದ ಕಡೆಯವರು. “ಮೊದಲ ಇದು ಆರಬೇಕ್ರೀ. ಆರಿದ ಮ್ಯಾಲ ಓಡೋ ಮಾತು” ಎಂದು ಹೇಳಿ ಬ್ಯಾಂಡೇಜು ಕಟ್ಟಿ ಕಳಿಸಿದರು. ಸಂಜೆ ಮನೆಗೆ ಬಂದ ಮಗನನ್ನು ಅತ್ತೆ ಕೇಳಿದರು, ಡಾಕ್ಟರು ಏನಂದರು ಎಂದು. ನಾನೂ ಅಲ್ಲೇ ಇದ್ದೆ.

“ಮೊದ್ಲು ಆರ್ಬೇಕಂತೆ ಕಣವ್ವ. ಆಮೇಕೆ ಓಡ್ಬೈದಂತೆ.”

ಗಾಯ ಆರುವುದಕ್ಕೂ ಗುಂಡಿ ಹಾರುವುದಕ್ಕೂ ನಮ್ಮ ಕಡೆ ಬಾಯಲ್ಲಿ ಒಂದೇ ಮಾತು. ಹಕಾರ ಹುಟ್ಟುವ ಮೊದಲೇ ನುಂಗಿಬಿಡುವ ಸೀಮೆ ನಮ್ಮದು. ಅತ್ತೆ ಒಂದು ಗಳಿಗೆ ಮಗನ ಮುಖ ನೋಡಿದರು.

“ಮೂಳೆ ಸೀಳೋಗಿರೋ ಕಾಲ್ನಾಗೆ ಮೊದ್ಲು ಆರ್ಬೇಕು, ಆಮೇಕೆ ಓಡ್ಬೇಕು ಅಂದ್ನಾ? ಅವ್ನು ಯಾವ ಸೀಮೆ ಡಾಕುಟ್ರು?”

“ನಂಗೇನ್ ಗೊತ್ತವ್ವ. ಅಂಗೇ ಅಂದ್ರು.”

ಒಳಗೆ ಮಲಗಿದ್ದ ಪೀಟಿ ಮೇಡಂ ನಕ್ಕ ಸದ್ದು ಆಚೆಯವರೆಗೂ ಕೇಳಿತು. ನಗು ಅತ್ತೆಯ ಅನುಮಾನವನ್ನು ಇನ್ನೂ ಹೆಚ್ಚಿಸಿತು. ಓಡುವ ಹುಚ್ಚಿನ ಸೊಸೆ ತನ್ನಂಥದೇ ಡಾಕ್ಟರನ್ನು ಹುಡುಕಿಕೊಂಡು ಬಂದಿದ್ದಾಳೆ ಎಂದು ತೀರ್ಮಾನಿಸಿ, ಮರುದಿನವೇ ಬೆಳಗೊಳದ ತಮ್ಮ ನಾದಿನಿಯಿಂದ ನಾಟಿ ಎಣ್ಣೆ ತರಿಸಿದರು. ವಿಷಯ ಬಿಡಿಸಿ ಹೇಳಿದ ಮೇಲೂ ಡಾಕ್ಟರ ಮೇಲಿನ ಅವರ ಸಿಟ್ಟು ಇಳಿಯಲಿಲ್ಲ. “ಆರೋಗಂಟ ಆರ್ಬ್ಯಾಡ” ಎಂದು ಸೊಸೆಗೆ ಅಪ್ಪಣೆ ಮಾಡಿದರು. ಗಾಯ ಆರುವ ತನಕ ಹಾರಬೇಡ ಎಂದು. ಹಕಾರ ಬಿಟ್ಟ ಮಕ್ಕಳ ಕಿವಿ ಹಿಂಡುತ್ತಿದ್ದ ನನಗೆ ಆ ಮಾತಿಗೆ ಹಕಾರ ಸೇರಿಸಲು ಮನಸ್ಸು ಬರಲಿಲ್ಲ.

ಆಮೇಲೆ ಅತ್ತೆ ತಗ್ಗಿದ ದನಿಯಲ್ಲಿ ಸೊಸೆಯ ಓಟದ ಬಗ್ಗೆ ನನಗೆ ಇನ್ನೊಂದು ಮಾತು ಹೇಳಿದರು. “ನಿಂತಿದ್ದು ನಿಂತೋಗ್ಲಿ ಬುಡಿ ಮೇಡಮ್ಮೋರೆ. ನೀವೂ ಒಸಿ ಯೋಳಿ.”

ಕೂರಲಾರದ ಮನುಷ್ಯರನ್ನು ಕೂರಿಸಿದರೆ ಏನಾಗುತ್ತದೆ ಎಂದು ನಾನು ಆ ತಿಂಗಳುಗಳಲ್ಲಿ ನೋಡಿದೆ. ಶಾಲೆಯಲ್ಲಿ ಮೈದಾನದ ನಡುವೆ ಕುರ್ಚಿ ಹಾಕಿಸಿಕೊಂಡು ವಿಷಲ್ ಊದುತ್ತಿದ್ದರು. ಆದರೆ ಪಿರಿಯಡ್ ಮುಗಿಯುವ ಹೊತ್ತಿಗೆ ಕುರ್ಚಿ ಎಳೆದುಕೊಂಡು ಎಳೆದುಕೊಂಡು ಕಾಂಪೌಂಡಿನ ಹತ್ತಿರ ಹೋಗಿರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಾವು ಉತ್ತರ ಪತ್ರಿಕೆ ತಿದ್ದುತ್ತಿದ್ದರೆ ಎದುರಿಗೆ ಕೂತು ಎರಡೂ ಕೈ ಓಡುವವರ ಹಾಗೆ ಬೀಸುತ್ತಿದ್ದರು, ನಮ್ಮ ಪತ್ರಿಕೆಗಳು ಹಾರಿಹೋಗುತ್ತಿದ್ದವು. ವರ್ಷಗಳಿಂದ ಗಂಟು ಬಿದ್ದಿದ್ದ ವಾಲಿಬಾಲ್ ನೆಟ್‌ಗಳನ್ನೆಲ್ಲ ಬಿಡಿಸಿದರು. ಬಿಡಿಸುವುದಕ್ಕೆ ಗಂಟು ಮುಗಿದ ಮೇಲೆ ಒಂದನ್ನು ಮತ್ತೆ ಗಂಟು ಹಾಕಿ ಬಿಡಿಸಿದರು. ಅವರೆಕಾಯಿಯ ಕಾಲ ಬಂತು. ಕಾಳು ನೆನೆಹಾಕಿ ಇದುಕಿ ಸಿಪ್ಪೆ ತೆಗೆಯುವುದರಲ್ಲಿ ಕೇರಿಯ ಹೆಂಗಸರ ಜೊತೆ ಪಂದ್ಯ ಕಟ್ಟಿ ಎಲ್ಲರನ್ನೂ ಸೋಲಿಸಿದರು. ಅತ್ತೆ ಅದನ್ನು ಮೆಚ್ಚುಗಣ್ಣಿನಿಂದ ನೋಡಿದ್ದು ನನಗೆ ನೆನಪಿದೆ.

ನಾನು ಎಲ್ಲರಂತೆ “ರೆಸ್ಟ್ ತಗೊಳ್ಳಿ ಮೇಡಂ, ಓಟ ಎಲ್ಲಿಗೆ ಹೋಗುತ್ತೆ” ಅಂದೆ. ಇದುಕಿದ ಸಿಪ್ಪೆ ಒಂದು ಹಿಡಿ ನನ್ನ ಮೇಲೆ ಬಿತ್ತು.

“ಓಟ ಎಲ್ಲೂ ಹೋಗಲ್ಲ. ರಸ್ತೆ ಹೋಯ್ತದೆ. ರಸ್ತೆಗೆ ನನ್ನ ಅಭ್ಯಾಸ ತಪ್ಪೋಯ್ತದೆ ಕಣಮ್ಮಿ. ಎರಡು ತಿಂಗಳು ಬುಟ್ಟು ನಾನು ಓಡಿದ್ರೆ ಮತ್ತೆ ಎಲ್ರೂ ನೋಡ್ತಾರೆ. ನೋಡಿದ್ರೆ ಮಾತಾಡ್ತಾರೆ. ಮಾತಾಡಿದ್ರೆ ಅತ್ತೆ ಕಿವಿಗೆ ಬೀಳ್ತದೆ. ಮತ್ತೆ ಹಾಲಿನ ಕ್ಯಾನಿಂದ ಸುರು ಮಾಡೋಕೆ ನಂಗೆ ಈಗ ಆ ವಯಸ್ಸಿಲ್ಲ.”

ಪರಿಹಾರವನ್ನೂ ಅವರೇ ಹುಡುಕಿಟ್ಟುಕೊಂಡಿದ್ದರು.

“ಒಬ್ಬ ಟೀಚರು ರಜಾ ಹಾಕಿದ್ರೆ ಆ ಪಿರಿಯಡ್‌ಗೆ ಇನ್ನೊಬ್ರು ಬದಲಿ ಹೋಗಲ್ವಾ? ಪಾಠ ಮಾಡ್ದಿದ್ರೂ ಚಿಂತೆ ಇಲ್ಲ, ಕ್ಲಾಸು ಕೈತಪ್ಪಬಾರ್ದು ಅಂತ. ಅಂಗೇ. ನಾನು ರಜಾ. ನೀನು ಬದಲಿ.”

ಆಗ ನನ್ನ ಗಾತ್ರ ಈಗಿನದಕ್ಕಿಂತ ಬಹಳ ಕಡಿಮೆ ಏನಿರಲಿಲ್ಲ. ಬಸ್ಸಿಗೂ ಓಡದೆ ಮುಂದಿನ ಬಸ್ಸಿಗೆ ಕಾಯುವ ಜಾಯಮಾನ. ನಾನು ನಕ್ಕೆ. ಅವರು ನಗಲಿಲ್ಲ. ಮಾರನೇ ದಿನ ಹಿಂಬಾಗಿಲು ತಟ್ಟಿ, ತಮ್ಮ ಕ್ಯಾನ್ವಾಸ್ ಬೂಟನ್ನು ಮುಂಭಾಗಕ್ಕೆ ಬಟ್ಟೆ ತುರುಕಿ ನನ್ನ ಕಾಲಿಗೆ ಹಾಕಿಸಿದರು. “ಹುಡುಗರಂಗೆ ಓಡ್ಬ್ಯಾಡ. ಏರಿವರ್ಗೂ ಬ್ಯಾಡ. ನಮ್ಮನೆ ಬಾಗ್ಲಿಂದ ಮೋರಿ, ಮೋರಿಯಿಂದ ನಮ್ಮನೆ ಬಾಗ್ಲು, ಅಷ್ಟೇ. ಹೆಂಗಸು ಓಡೋದು ಕಂಡ್ರೆ ಸಾಕು.”

ಕಂಡಿತು. ಆಲೆಮನೆಯ ನಾಯಿಗಳು ಮೋರಿಯವರೆಗೂ ಜೊತೆಗೆ ಬಂದವು. ಮೊದಲ ಬಸ್ಸು ನನ್ನನ್ನು ದಾಟಿ ಹೋಗಿ ನಿಂತಿತು. ಬಸ್ಸು ಹಿಡಿಯಲು ಓಡುತ್ತಿದ್ದೇನೆಂದು ಕಂಡಕ್ಟರು ತಿಳಿದಿದ್ದ. “ಬನ್ನಿ ಮೇಡಂ, ನಿಧಾನ” ಎಂದು ಕೈ ಚಾಚಿದ. ಬೇಡ ಎಂದು ಕೈಯಾಡಿಸಿದೆ, ಕರೆಯುತ್ತಿದ್ದೇನೆಂದು ಬಸ್ಸನ್ನು ಹಿಂದಕ್ಕೆ ತಂದರು. ಇಳಿದು ಬಂದ ಪ್ರಯಾಣಿಕರಿಗೆ ನಾನು ಉಸಿರು ಸಿಕ್ಕ ಮೇಲೆ ವಿವರಿಸಬೇಕಾಯಿತು.

ವಾಪಸ್ಸು ಬರುವಾಗ ಇನ್ನೂ ಕೆಟ್ಟದಾಯಿತು. ಅರಳಿಕಟ್ಟೆಯ ಅಜ್ಜ ಎದ್ದು ನಿಂತಿದ್ದ. “ಯಾಕವ್ವ, ಯಾರ್ಗಾರ ಏನಾರ ಆಯ್ತಾ?” ಅಂದ. ನಮ್ಮ ಕಡೆ ಹೆಂಗಸು ಬೆಳಗ್ಗೆ ಬೆಳಗ್ಗೆ ಕೆಂಪು ಮುಖ ಮಾಡಿಕೊಂಡು ಏದುಸಿರು ಬಿಡುತ್ತಾ ಓಡಿದಳೆಂದರೆ ಯಾರೋ ಹೋದರು ಅಂತಲೇ ಲೆಕ್ಕ. ಇಲ್ಲ ಅನ್ನಲು ನನಗೆ ಉಸಿರಿರಲಿಲ್ಲ, ತಲೆ ಆಡಿಸಿದೆ. ತಲೆ ಆಡಿಸಿದ್ದನ್ನು ಅಜ್ಜ ಹೇಗೆ ತೆಗೆದುಕೊಂಡನೋ ಕಾಣೆ. ನಾನು ಪೀಟಿ ಮೇಡಂ ಮನೆಯ ಕಡೆಗೆ ತಿರುಗಿದ್ದನ್ನು ನೋಡಿ ಕೋಲು ಹಿಡಿದು ಹಿಂದೆಯೇ ಹೊರಟ. ಡೈರಿಯ ಸಾಲಿನಲ್ಲಿದ್ದವರು ಅಜ್ಜನನ್ನು ನೋಡಿ ಕ್ಯಾನು ಅಲ್ಲೇ ಬಿಟ್ಟು ಹೊರಟರು. ಅತ್ತೆ ಅಂಗಳಕ್ಕೆ ಸಗಣಿ ನೀರು ಹಾಕುತ್ತಿದ್ದರು. ಮುಂದೆ ನಾನು, ಹಿಂದೆ ಅರ್ಧ ಊರು. ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋಗಿದ್ದ ಮಗನಿಗೇ ಏನೋ ಆಯಿತೆಂದು ಆಯಮ್ಮ ಚೊಂಬು ಬಿಟ್ಟು ಕುಸಿದು ಕೂತರು.

ಎಲ್ಲ ಸ್ಪಷ್ಟವಾಗುವಷ್ಟರಲ್ಲಿ ಮಗನೇ ಗುದ್ದಲಿ ಹೊತ್ತುಕೊಂಡು ಬಂದು, ಮನೆ ಮುಂದೆ ಯಾಕಿಷ್ಟು ಜನ ಎಂದು ಕೇಳಿದರು. ಜನ ಗೊಣಗಿಕೊಂಡು ಹೊರಟರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಗೌರವ ಬಿಟ್ಟು ನನ್ನನ್ನು ಏಕವಚನಕ್ಕೆ ಇಳಿಸಿದರು.

“ಅವ್ಳು ಓಡುದ್ರೆ ನಾಯಿನೂ ತಲೆ ಎತ್ತಾಕಿಲ್ಲ. ನೀನು ಓಡುದ್ರೆ ಊರೇ ಎದ್ ಬಂತಲ್ಲವ್ವ. ನಿಂಗ್ಯಾಕ್ ಬೇಕಿತ್ತು?”

ಪೀಟಿ ಮೇಡಂ ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಅತ್ತೆಯ ಮಾತು ಕಿವಿಗೆ ಬಿದ್ದದ್ದೇ ನಗು ನಿಂತಿತು. ನನ್ನನ್ನು ಒಳಗೆ ಕರೆದು ನೀರು ಕೊಟ್ಟು, “ಕೇಳ್ದಾ, ಏನಂದ್ರು ಅಂತ?” ಅಂದರು. ಆಮೇಲೆ ದಿನವೆಲ್ಲ ಆ ಮಾತನ್ನು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು, ನಾಯಿನೂ ತಲೆ ಎತ್ತಾಕಿಲ್ಲ, ನಾಯಿನೂ ತಲೆ ಎತ್ತಾಕಿಲ್ಲ ಎಂದು.

ಇಲ್ಲಿಂದ ನಾನು ದೊಡ್ಡ ಓಟಗಾರ್ತಿಯಾದೆ ಎಂಬ ಕಥೆ ಬರುತ್ತದೆಂದು ಕಾಯಬೇಡಿ. ಬರುವುದಿಲ್ಲ. ಕೆಲವು ವಾರ ಬೈದುಕೊಂಡು ಓಡಿದೆ ಅಷ್ಟೇ. ಅವರು ಗಂಡನ ಸೈಕಲ್ಲಿನ ಹಿಂದೆ ಕೂತು ಮೋರಿಗೆ ಬರುತ್ತಿದ್ದರು. ಒಂದು ಕಾಲಿಗೆ ಬ್ಯಾಂಡೇಜು, ಇನ್ನೊಂದಕ್ಕೆ ಗಂಡನ ಹಳೇ ಬೂಟು. ಮೋರಿಯ ಗೋಡೆಯ ಮೇಲೆ ಕೂತು ದಾರಿಹೋಕರಿಗೆಲ್ಲ ಮುಖ ತೋರಿಸಿಕೊಂಡು, “ಕೈ ಬೀಸು, ಕೈ ಬೀಸ್ದೆ ಕಾಲು ಬರಲ್ಲ” ಎಂದು ನನ್ನ ಮೇಲೆ ಕೂಗುತ್ತಿದ್ದರು. ಕಬ್ಬಿನ ಗಾಡಿಯವರು “ಯಾವಾಗ ಮೇಡಮ್ಮೋರೆ ಮತ್ತೆ?” ಎಂದು ಕೇಳಿದರೆ, “ನಾಳೆ” ಅನ್ನುತ್ತಿದ್ದರು. ದಿನಾ ಕೇಳಿದರೂ ದಿನಾ ನಾಳೆ. ಆ ಮಾತನ್ನು ಅವರು ಹೇಳುವಾಗ ಸುಳ್ಳೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಬ್ಯಾಂಡೇಜು ಬಿಚ್ಚಿದ ಮೇಲೆ ಡಾಕ್ಟರು ಸ್ವಲ್ಪ ಸ್ವಲ್ಪ ನಡೆಯಲು ಹೇಳಿದರು. ಸ್ವಲ್ಪ ಅನ್ನುವುದು ಪೀಟಿ ಮೇಡಂಗೆ ತಿಳಿಯದ ಮಾತು. ಮೂರನೇ ದಿನವೇ, ನಾನು ಮೋರಿಯ ಹತ್ತಿರ ಸುಧಾರಿಸಿಕೊಳ್ಳುತ್ತಿದ್ದಾಗ, ಏರಿಯ ಮೇಲೆ ಓಡಿಬಿಟ್ಟರು. ಹೋದದ್ದು ಓಡಿಕೊಂಡು, ಬಂದದ್ದು ನನ್ನ ಹೆಗಲ ಮೇಲೆ. ಪಾದ ಮತ್ತೆ ಊದಿತು, ಗಾಯ ಮತ್ತೆ ಬಾಯಿ ಬಿಟ್ಟಿತು. ಡಾಕ್ಟರು ಮತ್ತೆ ಅಷ್ಟೇ ದಿನ ಕೂರಿಸಿದರು. ಅತ್ತೆ ಎಣ್ಣೆ ಕಾಯಿಸುತ್ತಾ, “ಬೇಯೋಗಂಟ ಕಾದೋಳ್ಗೆ ಆರೋಗಂಟ ಕಾಯಾಕಾಗ್ನಿಲ್ವಾ?” ಅಂದರು. ಈ ಸಲ ಯಾರೂ ನಗಲಿಲ್ಲ.

ಆ ಎರಡನೇ ಸುತ್ತಿನಲ್ಲಿ ಅವರು ಬದಲಾದರು. ಮೊದಮೊದಲು ನನಗೆ ಹಗುರವೆನ್ನಿಸಿತು. ಕುರ್ಚಿ ಇಟ್ಟಲ್ಲೇ ಇರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಕೂತು ಊಟ ಮಾಡಿದರು, ಸಾರು ಚೆನ್ನಾಗಿದೆ ಎಂದರು. ಹೆಡ್ ಮಾಸ್ಟರು ಮೀಟಿಂಗಿನಲ್ಲಿ ಅವರು ಕೂತಿರುವುದನ್ನು ನೋಡಿ ಆಶೀರ್ವಾದ ಮಾಡುವವರಂತೆ ತಲೆದೂಗಿದರು. ಮೋರಿಗೆ ಬರುವುದು ಎರಡು ದಿನಕ್ಕೊಮ್ಮೆಯಾಯಿತು, ಆಮೇಲೆ ನಿಂತೇಹೋಯಿತು. ನಾನೂ ಆ ಬೂಟನ್ನು ತೊಳೆದು ಒಣಹಾಕಿದೆ. ಸುಖವಾಗಿ ನಿದ್ದೆ ಮಾಡಿದೆ.

ಒಂದು ಭಾನುವಾರ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅವರು ಬಂದು ಪಕ್ಕದ ಕಲ್ಲಿನ ಮೇಲೆ ಕೂತರು. ಇದ್ದಕ್ಕಿದ್ದಂತೆ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಕಾಲು ನೋವಾ?”

“ಕಾಲು ನೋಯ್ತಿಲ್ಲ ಕಣಮ್ಮಿ. ಇವತ್ತು ಬೆಳಗ್ಗೆ ಎಚ್ಚರ ಆಯ್ತು. ಎದ್ದೇಳ್ಬೇಕು ಅಂತ ಅನ್ನಿಸ್ಲೇ ಇಲ್ಲ. ಕಂಬ್ಳಿ ಒಳಗೆ ಬೆಚ್ಚಗಿತ್ತು. ಚೆನ್ನಾಗಿತ್ತು.” ಮೂಗು ಒರೆಸಿಕೊಂಡರು. “ಮೂಳೆ ಕೂಡ್ಕತದೆ. ಆಸೆ ಹೋದ್ರೆ ಅದುನ್ನ ಯಾವ ಡಾಕ್ಟ್ರ ಹತ್ರ ಕಟ್ಟಿಸ್ಲಿ?”

ನನಗೆ ಭಯವಾಯಿತು, ನಿಜವಾಗಿ. ರಸ್ತೆ, ಊರು, ಅತ್ತೆ ಎಂದು ಇಷ್ಟು ದಿನ ಹೊರಗೆ ಕಾವಲು ಕಾದಿದ್ದೆವು. ಕಳ್ಳ ಒಳಗಿನಿಂದ ಬಂದಿದ್ದ. ಆ ಹೆಂಗಸು ಕುಣಿಯದ ಪಾದಗಳನ್ನು ಕಲ್ಲಿನ ಮೇಲೆ ಚಾಚಿಕೊಂಡು ಕೂತಿದ್ದನ್ನು ನೋಡಲು ನನ್ನಿಂದ ಆಗಲಿಲ್ಲ. ಎಲ್ಲ ಸರಿಹೋಗುತ್ತದೆ ಎಂದೆ. ಅದು ಬಾಯಿಮಾತು ಎಂದು ಇಬ್ಬರಿಗೂ ಗೊತ್ತಿತ್ತು.

ಡಾಕ್ಟರು ಇನ್ನು ಓಡಬಹುದು ಎಂದು ಹೇಳಿ ವಾರ ಕಳೆದರೂ ಅವರು ಓಡಲಿಲ್ಲ. ನಾಳೆ ಅನ್ನುತ್ತಿದ್ದರು. ಈಗ ಆ ನಾಳೆ ಸುಳ್ಳೆಂದು ಕೇಳಿದವರಿಗೆಲ್ಲ ಗೊತ್ತಾಗುತ್ತಿತ್ತು. ಅತ್ತೆಗಂತೂ ತಾವು ಬಯಸಿದ್ದು ಯಾರೂ ಹೇಳದೆಯೇ ಸಿಕ್ಕಿತ್ತು. ನಿಂತಿದ್ದು ನಿಂತು ಹೋಗಿತ್ತು. ಆದರೆ ಆಯಮ್ಮ ಆ ದಿನಗಳಲ್ಲಿ ಯಾಕೋ ಸಿಡಿಮಿಡಿ ಅನ್ನುತ್ತಿದ್ದರು. ಹಾಲು ಉಕ್ಕಿಸುತ್ತಿದ್ದರು. ಮಗ ಗದ್ದೆಗೆ ಹೋದ ಮೇಲೆ ರೊಟ್ಟಿ ಬೇಯುತ್ತಿತ್ತು. ಹಸುಗಳ ಮೇಲೆ, ನನ್ನ ಮೇಲೆ, ಕಾಗೆಯ ಮೇಲೆ ರೇಗುತ್ತಿದ್ದರು. ನಾನು ವಯಸ್ಸಾಯಿತು ಅಂದುಕೊಂಡೆ.

ಒಂದು ಬೆಳಗ್ಗೆ ಮಜ್ಜಿಗೆ ಕೇಳಲು ಹಿಂಬಾಗಿಲಿನಿಂದ ಹೋಗಿದ್ದೆ. ಅತ್ತೆ ಸೊಸೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

“ಏಳು ಮ್ಯಾಕೆ” ಅಂದರು.

“ಇನ್ನೂ ಹೊತ್ತಾಗಿಲ್ಲ ಅತ್ತೆ.”

“ಒತ್ತಾಗದೋ ಇಲ್ವೋ ನಂಗ್ಯಾವನು ಯೋಳಾನು?” ಆಯಮ್ಮನ ದನಿ ಏರಿತು. “ನೀ ಓಗೋ ಸದ್ದಿಗೆ ನಾನು ಏಳ್ತಿದ್ದೆ. ನೀ ಬರೋ ಸದ್ದಿಗೆ ಒಲೆ ಮ್ಯಾಲೆ ನೀರಿಕ್ತಿದ್ದೆ, ಅದು ಕಾದ್ರೆ ಅವ್ನು ಎದ್ದು ಬರ್ತಿದ್ದ. ಈಗ ಯಾವಾಗ ಏಳನೆ, ಯಾವಾಗ ಇಕ್ಕನೆ? ಎಲ್ಲಾ ಎಕ್ಕುಟ್ಟೋಗದೆ. ಈ ವಯಸ್ನಾಗೆ ಇನ್ನೊಂದ್ ಕಲಿಯಾಕೆ ನನ್ ಕೈಲಾಗಾಕಿಲ್ಲ. ಓಡಿದ್ರೆ ಓಡು, ಇಲ್ದಿದ್ರೆ ಬುಡು. ಒಂದ್ ಯೋಳ್ಬುಡು.”

ಇಷ್ಟು ಹೇಳಿ ಅತ್ತೆ ನನ್ನನ್ನು ನೋಡಿದರು. ನೋಡಿದ್ದು ಇಷ್ಟವಾಗದೆ, “ಮಜ್ಜಿಗೆ ಇಲ್ಲ” ಎಂದು ಕೊಟ್ಟಿಗೆಗೆ ಹೋದರು.

ಕೋಣೆಯಲ್ಲಿ ಪೀಟಿ ಮೇಡಂ ಹಾಸಿಗೆಯ ಮೇಲೆ ಎದ್ದು ಕೂತಿದ್ದರು. ಅರಳಿಕಟ್ಟೆಯ ಅಜ್ಜನನ್ನು, ಕಂಡಕ್ಟರನ್ನು, ನಾಯಿಗಳನ್ನು ಪಳಗಿಸಲು ಅಷ್ಟು ವರ್ಷ ಒದ್ದಾಡಿದವರು, ತಮ್ಮ ಮನೆಯ ಒಲೆಯ ಮುಂದೆ ಯಾರು ಪಳಗಿದ್ದಾರೆಂದು ಗಮನಿಸಿಯೇ ಇರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ನಾನು ನೋಡುತ್ತಿದ್ದಂತೆ ಕಂಬಳಿಯ ಕೆಳಗೆ ಪಾದವೊಂದು ಅಲ್ಲಾಡಿತು.

ನನ್ನ ರೂಮಿಗೆ ಹೋಗಿ ಬೂಟು ತಂದುಕೊಟ್ಟೆ. ದಾರ ನಾನು ಕಟ್ಟುತ್ತೇನೆ ಅಂದರೆ ನನ್ನ ಕೈ ತಳ್ಳಿದರು. ಜೊತೆಗೆ ಬರಬೇಡ ಎಂದರು. ನಾನು ಅವರ ಅಂಗಳದಲ್ಲೇ ನಿಂತೆ. ನಿಲ್ಲಲಾಗದೆ ಬಾಗಿಲಿಗೂ ಬೀದಿಗೂ ತಿರುಗಿದೆ. ಪಾದ ಊದಿದರೆ? ಯಾರಾದರೂ ಏನಾದರೂ ಅಂದರೆ? ಅಂದದ್ದು ಕೇಳಿ ಅರ್ಧಕ್ಕೇ ಬಂದುಬಿಟ್ಟರೆ? ಡೈರಿಯಿಂದ ಬರುತ್ತಿದ್ದ ಹೆಂಗಸನ್ನು ತಡೆದು, ಪೀಟಿ ಮೇಡಂ ಕಂಡರಾ ಎಂದು ಕೇಳಿದೆ. ಆಕೆ ಯೋಚಿಸಿ, “ಕಂಡ್ರೇನೋಪ್ಪ, ಗ್ಯಾನ ಇಲ್ಲ” ಎಂದು ಹೋದಳು. ಮೊದಲ ಬಸ್ಸು ಎಲ್ಲೂ ನಿಲ್ಲದೆ ಹೋದ ಸದ್ದು ಕೇಳಿತು.

ಅವರು ಬಂದಾಗ ನೆತ್ತಿಯವರೆಗೂ ಬೆವರಿದ್ದರು. ಸ್ವಲ್ಪ ಕುಂಟುತ್ತಿದ್ದರು. ಮುಖ ಮಾತ್ರ ಯಾರೊಂದಿಗೋ ಜಗಳವಾಡಿ ಗೆದ್ದು ಬಂದವರ ಹಾಗಿತ್ತು. ಮೊಣಕಾಲಿನ ಮೇಲೆ ಕೈಯಿಟ್ಟು ಬಗ್ಗಿ, ಉಸಿರು ಹಿಡಿದು ಹಿಡಿದು, “ಒಬ್ರೂ ನೋಡ್ಲಿಲ್ಲ ಕಣಮ್ಮಿ” ಅಂದರು. ನಾನು ಅವರ ಬೆನ್ನು ಸವರಿದೆ.

ಇಬ್ಬರೂ ಒಳಗೆ ಹೋದೆವು. ಅತ್ತೆ ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದರು. ನೀರಿನ ಪಾತ್ರೆ ಎತ್ತಿ ಒಲೆಯ ಮೇಲಿಟ್ಟರು, ಬೂದಿ ಕೆದಕಿದರು, ತಿರುಗಿ ನೋಡಲಿಲ್ಲ.

“ಯಾಕೆ ಇವತ್ತು ಇಷ್ಟೊತ್ತಾಯ್ತು?” ಅಂದರು.